ಅಮ್ಮ ಬಡವಳಲ್ಲವಂತೆ

ಮಾನ್ಯ ಗಣತಿ ಮುಖ್ಯಾಧಿಕಾರಿಗಳೇ,

ಅರವತ್ತು ದಾಟಿದವರಲ್ಲಿ ಬಡವರು ನೂರಕ್ಕೆ ನಾಲ್ಕೇ ಮಂದಿ ಎಂಬ ತಮ್ಮ ವರದಿಯ ದೆಸೆಯಿಂದ ನಮ್ಮ ಬಡಾವಣೆಯಲ್ಲಿ ಬಡ ಹಿರಿಯರಿಗೆಂದು ಸರ್ಕಾರ ನಡೆಸುತ್ತಿದ್ದ ಊಟದ ಮನೆ ಮುಚ್ಚಿದೆ. ನನ್ನ ಅಮ್ಮ ಮಧ್ಯಾಹ್ನ ಉಪವಾಸವಿರುತ್ತಾಳೆ. ದೂರು ಇಷ್ಟೇ. ಪುರಸೊತ್ತಿಲ್ಲದಿದ್ದರೆ ತಾವು ಇಲ್ಲಿಗೇ ಓದು ನಿಲ್ಲಿಸಬಹುದು.

ಇದ್ದರೆ ತಮ್ಮ ಕೋಷ್ಟಕವನ್ನೇ ನೋಡೋಣ. ಮಕ್ಕಳಲ್ಲಿ ನೂರಕ್ಕೆ ಮೂವತ್ತೊಂದು ಬಡವರು, ದುಡಿಯುವ ವಯಸ್ಸಿನವರಲ್ಲಿ ಇಪ್ಪತ್ತೆರಡು, ಮುದುಕರಲ್ಲಿ ನಾಲ್ಕು. 'ವಯಸ್ಸು ಏರಿದಂತೆ ಬಡತನ ಇಳಿಯುತ್ತದೆ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ಬಡತನವೆಂಬುದು ಹಾಲುಹಲ್ಲಿನ ಹಾಗೆ ತಾನಾಗಿ ಉದುರಿಹೋಗುತ್ತದೆಂದು ನಮಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ. ಅಮ್ಮ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ದುಡಿದವಳು. ಅಲ್ಲಿ ಒಂದೇ ತೊಟ್ಟಿಯ ಸುತ್ತ ಹನ್ನೊಂದು ಹೆಂಗಸರು ನಿಲ್ಲುತ್ತಿದ್ದರು. ಅರವತ್ತು ಮುಟ್ಟಿದವಳು ಅಮ್ಮ ಒಬ್ಬಳೇ. ಉಳಿದ ಹತ್ತು ಜನ ಕೆಮ್ಮಿ ಕೆಮ್ಮಿ, ತಮ್ಮ ಕೋಷ್ಟಕದ ಕೊನೆಯ ಸಾಲಿಗೆ ಕಾಲಿಡುವ ಮೊದಲೇ ಹೋದರು. ಬಡವರು ಮುದುಕರಾಗುವುದೇ ಅಪರೂಪ ಸ್ವಾಮಿ. ಅದನ್ನು ತಾವು ಬಡತನ ಇಳಿಯಿತೆಂದು ಓದಿದಿರಿ. ಆ ಹತ್ತು ಜನಕ್ಕೆ ಇಲಾಖೆಯ ಪರವಾಗಿ ಒಂದು ಧನ್ಯವಾದ ಸಲ್ಲಬೇಡವೇ?

ಇನ್ನು ಸಾಯದೆ ಉಳಿದವಳ ವಿಷಯ. ಮನೆಯಲ್ಲಿ ಫ್ರಿಜ್, ಟಿವಿ, ಸ್ಕೂಟರ್ ಇದ್ದರೆ ಆ ಸೂರಿನಡಿ ಇರುವವರೆಲ್ಲ ಅನುಕೂಲಸ್ಥರು ಎಂಬುದು ತಮ್ಮ ಲೆಕ್ಕ. ಆ ಪ್ರಕಾರ ಎಪ್ಪತ್ತೊಂದರ ಅಮ್ಮ ಸ್ಕೂಟರಿನ ಒಡತಿ. ನಮ್ಮ ಬೀದಿಗೆ ಗಣತಿಗೆ ಬಂದ ಮೇಷ್ಟ್ರು ಪ್ರತಿ ಮನೆಯಲ್ಲೂ ಬಾಗಿಲಲ್ಲಿ ಸಿಕ್ಕ ಗಂಡಸನ್ನು ಕೇಳಿ ಬರೆದುಕೊಂಡರು; ಮೂಲೆಯಲ್ಲಿದ್ದ ಮುದುಕರನ್ನು ಮಾತಾಡಿಸಲಿಲ್ಲ. ಮೇಷ್ಟ್ರನ್ನು ವಿಚಾರಿಸಲು ನೋಟೀಸು ಕಳಿಸಬೇಡಿ. ಆ ಮೇಷ್ಟ್ರು ನಾನೇ. ನಮ್ಮ ಮನೆಯ ನಮೂನೆಯನ್ನೂ ನಾನೇ ತುಂಬಿದೆ. ಅಮ್ಮ ಪಾತ್ರೆ ತೊಳೆಯುತ್ತಾ ಕೇಳಿದಳು:

"ಏನಪ್ಪಾ ಬರೀತಿದ್ದೀಯಾ?"

"ಮನೇಲಿರೋ ಸಾಮಾನಮ್ಮ."

"ಫ್ರಿಜ್ ಇದೆ ಅಂತ ಬರಿ. ಬೀಗ ಇದೆ ಅಂತಾನೂ ಬರಿ."

"ಅದಕ್ಕೆ ಜಾಗ ಇಲ್ಲಮ್ಮ."

ಫ್ರಿಜ್ಜಿಗೂ ಅಡುಗೆ ಬೀರುವಿಗೂ ಬೀಗ ತಂದವನೂ ನಾನೇ. ಮಕ್ಕಳ ಡಬ್ಬಿಗೆಂದು ಎತ್ತಿಟ್ಟಿದ್ದನ್ನು ಅಮ್ಮ ಎರಡು ಸಲ ತಿಂದಿದ್ದಳು. ನಾವು ಗಂಡ ಹೆಂಡತಿ ಇಬ್ಬರೂ ಎಂಟಕ್ಕೆ ಕೆಲಸಕ್ಕೆ ಹೊರಡುವವರು. ಬೀಗದ ಕೈ ನಮ್ಮ ಜೊತೆಗೇ ಹೋಗುತ್ತಿತ್ತು. ಮಧ್ಯಾಹ್ನಕ್ಕೆ ಹೇಗೂ ತಮ್ಮ ಊಟದ ಮನೆ ಇದೆಯಲ್ಲ ಎಂದು ನಾವು ನೆಮ್ಮದಿಯಾಗಿದ್ದೆವು.

ಅದು ಮುಚ್ಚಿದ ದಿನ ಅಮ್ಮ ತಟ್ಟೆ ಹಿಡಿದು ಹೋದವಳು ಹಾಗೇ ವಾಪಸು ಬಂದಳು. ಅಡುಗೆಯವಳು ಬಾಗಿಲಲ್ಲೇ ಹೇಳಿದಳಂತೆ: "ನೀವ್ಯಾರೂ ಬಡವರಲ್ವಂತೆ ಅಜ್ಜಿ. ಮೇಲಿಂದ ಕಾಗದ ಬಂದಿದೆ." ಸಂಜೆ ನಾನು ಚಪ್ಪಲಿ ಬಿಡುವಾಗ ಅಮ್ಮ ಕೇಳಿದಳು, "ನಾನು ಬಡವಳಲ್ವಂತೆ ಕಣೋ. ನಿಂಗೆ ಗೊತ್ತಿತ್ತಾ?"

ನನಗೆ ಗೊತ್ತಿತ್ತು. ನನ್ನ ಕೈಯಕ್ಷರದಲ್ಲೇ ಬರೆದಿದ್ದೆ.

ಬೀಗ ತೆಗೆದರಾಯಿತಲ್ಲ ಎಂದು ತಾವು ಕೇಳಬಹುದು. ತೆಗೆದು ಮೂರು ತಿಂಗಳಾಯಿತು. ಅಮ್ಮ ಆ ಬಾಗಿಲುಗಳನ್ನು ಮುಟ್ಟುವುದಿಲ್ಲ. ಬಡಿಸಿಟ್ಟು ಹೋದರೂ ಸಂಜೆ ಅದು ಹಾಗೇ ಇರುತ್ತದೆ. "ಅದರಲ್ಲಿ ನಂದೇನಿದೆ" ಎನ್ನುತ್ತಾಳೆ. ಅವಳು ತನ್ನದೆಂದುಕೊಂಡು ಉಂಡದ್ದು ಆ ಊಟದ ಮನೆಯಲ್ಲಿ ಮಾತ್ರ. ನಾಚಿಕೆಯಿಂದ ನನಗೆ ರಾತ್ರಿ ಅನ್ನ ಇಳಿಯುವುದಿಲ್ಲ. ಅದರಿಂದ ಅವಳ ಹೊಟ್ಟೆಯಂತೂ ತುಂಬುವುದಿಲ್ಲ.

ಆದ್ದರಿಂದ ಊಟದ ಮನೆಯ ಬಾಗಿಲು ತೆರೆಸಿ. ಅರವತ್ತು ದಾಟಿದವರನ್ನು ಮತ್ತೆ ಎಣಿಸಿ, ಮನೆಯನ್ನಲ್ಲ, ಅವರನ್ನು. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಮಧ್ಯಾಹ್ನ ಏನು ಉಂಡಿರಿ ಎಂದು ಕೇಳಿಸಿ. ನಮ್ಮ ಮನೆಗೆ ಮಾತ್ರ ನಾನು ಶಾಲೆಗೆ ಹೋಗಿರುವ ಹೊತ್ತಿಗೆ ಜನ ಕಳಿಸಿ. ನಾನು ಎದುರಿಗಿದ್ದರೆ ಅಮ್ಮ ಹೊಟ್ಟೆ ತುಂಬ ಉಂಡೆ ಎನ್ನುತ್ತಾಳೆ.

ಇಂತಿ,
ಒಂದೂ ತಪ್ಪಿಲ್ಲದೆ ನಮೂನೆ ತುಂಬಿದ್ದಕ್ಕೆ ತಮ್ಮಿಂದ ಪ್ರಶಂಸಾಪತ್ರ ಪಡೆದ ಗಣಿತದ ಮೇಷ್ಟ್ರು