ಹಗ್ಗದ ಮೇಲಿದ್ದ ನನ್ನ ಪೊರೆ

ಅಕ್ಕಾ,

ನಮ್ಮ ಹಿರಿಯರ ಗ್ರಹ ಓರಿಲ್‌ಗೆ ಬಂದ ನಾಲ್ಕನೇ ದಿನವೇ ನನ್ನ ಪೊರೆ ಕಳಚಿತು. ನಮ್ಮ ಚಂದ್ರನಲ್ಲಿ ಮಾಡುವಂತೆ, ಹೊದಿಕೆಗಾದೀತೆಂದು ತೊಳೆದು ಹಗ್ಗದ ಮೇಲೆ ಒಣಹಾಕಿದೆ. ಮಧ್ಯಾಹ್ನ ನೋಡಿದರೆ ಹಗ್ಗ ಬರಿದಾಗಿತ್ತು. ಅಂಗಳದ ಧೂಳಿನಲ್ಲಿ ನನ್ನದೇ ಆರು ಬೆರಳಿನ ಹೆಜ್ಜೆಗುರುತು ಗೇಟು ದಾಟಿತ್ತು.

ಮನೆಯೊಡತಿ ಔಲ್ಮಾ ಬೆವೆತುಹೋದಳು. "ಅಯ್ಯೋ ಹುಚ್ಚೀ, ಇಲ್ಲಿ ಪೊರೆ ಕಳಚಿದ ಕೂಡ್ಲೇ ಸುಡ್ತೀವಿ ಕಣೇ! ನಮ್ಮ ಗಾಳಿ ಹೊಕ್ರೆ ಅದು ಎದ್ದು ತವರು ಹುಡುಕ್ಕೊಂಡು ಹೋಗುತ್ತೆ. ಒಳಗೆಲ್ಲ ಟೊಳ್ಳು ನೋಡು, ಅದಕ್ಕೆ ಹಸಿವು ಜಾಸ್ತಿ."

ಹಡಗುಕಟ್ಟೆಗೆ ಓಡಿದೆ. ಟಿಕೆಟಿನವನು ನಕ್ಕ: "ಏನಮ್ಮಾ, ಆಗಲೇ ಹತ್ತಿಸಿ ಕಳಿಸಿದ್ನಲ್ಲ, ಇನ್ನೂ ಇಲ್ಲೇ ಇದ್ದೀಯಾ?"

ಹೊಸ ಚರ್ಮ ಉರಿಯುತ್ತಿದೆ, ಎಣ್ಣೆ ಹಚ್ಚಿದ್ದೇನೆ. ನನ್ನ ಮುಖದವಳು ಬಾಗಿಲು ತಟ್ಟಿದರೆ ತೆಗೆಯಬೇಡ. ಅವಳ ಹಡಗು ಹೊರಟುಹೋಗಿದೆ. ಈ ಕಾರ್ಡಿಗೆ ಸಿಕ್ಕಿದ್ದು ಅದರ ನಂತರದ ಹಡಗು.

ನಿನ್ನ ನಿಜವಾದ ತಂಗಿ,
ಇಳೇನ್