ಒದೆಯನ್ನೂ ಹೆಜ್ಜೆಯೆಂದು ಎಣಿಸಿದ ಇಲಾಖೆಗೆ

ಮಾನ್ಯ ದೇಹದಾರ್ಢ್ಯ ಇಲಾಖೆಯ ನಿರ್ದೇಶಕರೇ,

ನಿಮ್ಮ ಬಯಲು ನಡಿಗೆ ಯೋಜನೆ ನನ್ನ ಭಾವನ ಮೂರು ಪಕ್ಕೆಲುಬು ಮುರಿದಿದೆ. ಎರಡು ಹಲ್ಲು ಉದ್ಯಾನದ ಕಲ್ಲುಹಾಸಿನ ಮೇಲೇ ಉಳಿದವು. ಈಗ ಅವರು ಆಸ್ಪತ್ರೆಯಲ್ಲಿ ಪೇದೆಯ ಕಾವಲಿನಲ್ಲಿ ಮಲಗಿದ್ದಾರೆ. ಆರೋಪ, ಕಳ್ಳತನ.

ಕುರ್ಚಿಯಲ್ಲಿ ಕೂತು ದುಡಿಯುವ ನಮ್ಮಂಥ ನೌಕರರ ಬೊಜ್ಜು ಕಂಡು ತಮಗೆ ಮರುಕ ಬಂತು. ಹೆಜ್ಜೆ ಎಣಿಸುವ ಬ್ಯಾಂಡ್ ಹಂಚಿದಿರಿ. ತಿಂಗಳಿಡೀ ದಿನಕ್ಕೆ ಹತ್ತು ಸಾವಿರ ಹೆಜ್ಜೆ ಬಯಲಲ್ಲಿ ನಡೆದವರಿಗೆ ಎರಡು ದಿನ ಸಂಬಳಸಹಿತ ರಜೆ ಎಂದಿರಿ. ಎಂಥ ದೂರದೃಷ್ಟಿ! ಆದರೆ ನಡೆಯುವವರು ಯಾರು? ನನ್ನ ಭಾವ ಹಮಾಲಿ. ಲಾರಿಯಿಂದ ಗೋದಾಮಿಗೆ ಮೂಟೆ ಹೊತ್ತು ದಿನವಿಡೀ ಬಿಸಿಲಲ್ಲಿ ನಡೆಯುವವರು. ಅವರಿಗೆ ನಿಮ್ಮ ಯೋಜನೆಯಲ್ಲಿ ಜಾಗವಿಲ್ಲ. ಅವರ ಕಾಲಿಗೆ ಮೊದಲ ಬ್ಯಾಂಡ್ ಕಟ್ಟಿದವನು ನಾನು. ಕಚೇರಿಯ ಇನ್ನೂ ಹತ್ತು ಮಂದಿ ನನ್ನ ಹಿಂದೆ ಬಂದರು. ಬೆಳಿಗ್ಗೆ ಕೊಡುವುದು, ಸಂಜೆ ಉದ್ಯಾನದ ಬೆಂಚಿನ ಬಳಿ ವಾಪಸು ಪಡೆಯುವುದು. "ಮೂಟೆ ಹೊರೋನಿಗೆ ಇದೇನು ಭಾರನಾ, ಕಟ್ಟೋ" ಎಂದು ಭಾವ ನಗುತ್ತಿದ್ದರು.

ಕಳೆದ ಸೋಮವಾರ ಅವರು ಬೆಂಚಿನಲ್ಲಿ ಕೂತು ಪ್ಯಾಂಟು ಮಡಿಸಿ ಬ್ಯಾಂಡ್ ಬಿಚ್ಚುತ್ತಿದ್ದಾಗ ನಿಮ್ಮ ಆರೋಗ್ಯವಂತ ನಡಿಗೆದಾರರೊಬ್ಬರು ಕಂಡರು. "ಏ, ಕಳ್ಳ ಕಣ್ರೋ! ಕಾಲ್ತುಂಬ ಕಟ್ಕೊಂಡಿದಾನೆ!"

ಮೊದಲ ಏಟು ವಾಕಿಂಗ್ ಸ್ಟಿಕ್ಕಿನದು. ಆಮೇಲೆ ಬೂಟುಗಳು, ಕಾವಲುಗಾರನ ಲಾಠಿ. ಕೂದಲು ಹಿಡಿದು ಬೆಂಚಿನ ಅಂಚಿಗೆ ಮುಖ ಚಚ್ಚಿದರು. "ಕದ್ದಿಲ್ರಪ್ಪಾ, ಕೊಟ್ಟಿದ್ದು!" "ಯಾರೋ ಕೊಟ್ಟಿದ್ದು? ಹೇಳೋ!" ಭಾವ ತಲೆಯೆತ್ತಿ ಗುಂಪಿನಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಹೆಸರು ಹೊರಬಿದ್ದರೆ ನನ್ನ ಕೆಲಸ ಹೋಗುತ್ತದೆಂದು ನಾನೇ ಹಿಂದೊಮ್ಮೆ ಹೇಳಿದ್ದೆ. ಅವರು ಬಾಯಿ ಮುಚ್ಚಿಕೊಂಡರು. ಆ ಬಾಯಿಗೇ ಬೂಟು ಬಿತ್ತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಒದೆ ತಿಂದು ಒದ್ದಾಡುತ್ತಿದ್ದ ಆ ಕಾಲುಗಳನ್ನು ನಿಮ್ಮ ಯಂತ್ರ ಶ್ರದ್ಧೆಯಿಂದ ಎಣಿಸಿತು. ನನ್ನ ಜೇಬಿನಲ್ಲಿ ಫೋನು ನಡುಗಿತು: "ಅಭಿನಂದನೆಗಳು! ಇಂದಿನ ಗುರಿ ಮುಟ್ಟಿದ್ದೀರಿ. ತಿಂಗಳು ಪೂರ್ಣವಾಯಿತು, ಎರಡು ದಿನದ ರಜೆಗೆ ಅರ್ಹರಾಗಿದ್ದೀರಿ." ದೇಹದಾರ್ಢ್ಯವೆಂದರೆ ಇದೇನಾ ಸ್ವಾಮಿ? ಒಬ್ಬನನ್ನು ಹದಿನೈದು ಮಂದಿ ತುಳಿಯುವಷ್ಟು ಕಾಲ್ಬಲ ಬಂದರೆ ನಾಡು ಆರೋಗ್ಯವಾಗಿದೆಯೆಂದೇ ಅರ್ಥವೇ?

ನಿನ್ನೆ ಠಾಣೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಬ್ಯಾಂಡುಗಳು ಯಾರವೆಂದು ಇಲಾಖೆಯೇ ಬರೆದುಕೊಡಬೇಕಂತೆ. ನಿಮ್ಮ ಕಚೇರಿಗೆ ಬಂದರೆ, ಅದು ನೌಕರರ ಗೋಪ್ಯ ಆರೋಗ್ಯ ಮಾಹಿತಿಯಂತೆ! ಭಾವನ ಹಲ್ಲು ಮಾತ್ರ ಸಾರ್ವಜನಿಕ.

ಆಸ್ಪತ್ರೆಯ ಮೆಟ್ಟಿಲಲ್ಲಿ, ನಾನೂ ಆ ಗುಂಪಿನಲ್ಲಿದ್ದೆನೆಂದು ತಿಳಿಯದ ಅಕ್ಕ ನನ್ನ ತಟ್ಟೆಗೆ ಅನ್ನ ಬಡಿಸುತ್ತಾ ಶಪಿಸುತ್ತಿದ್ದಳು. "ನೋಡ್ತಾ ನಿಂತಿದ್ರಂತಲ್ಲೋ, ಅವರ ಕೈ ಸೇದಿಹೋಗ್ಲಿ! ನೀನು ಊಟ ಮಾಡು." ಮಾಡಿದೆ.

ಇಂದೇ ಆ ಹನ್ನೊಂದು ಹೆಸರುಗಳನ್ನು ಠಾಣೆಗೆ ಕಳುಹಿಸಿ, ಭಾವನ ಮೇಲಿನ ಮೊಕದ್ದಮೆ ತೆಗೆಸಿ. ನನ್ನ ಹೆಸರನ್ನು ಮೊದಲು ಬರೆಯಿರಿ. ನಾಳೆ ಈ ಪತ್ರ ಪತ್ರಿಕೆಯಲ್ಲಿ ಬಂದಾಗ ಭಾವನಿಗೆ ಓದಿ ಹೇಳುವವಳು ಅಕ್ಕ.

ಇಂತಿ,
ಎಡಗಾಲಿನ ಮೊದಲ ಬ್ಯಾಂಡಿನ ಮಾಲೀಕ,
ಎರಡು ದಿನದ ರಜೆಗೆ ಅರ್ಹನೆಂದು ತಮ್ಮಿಂದಲೇ ಘೋಷಿತನಾದವನು