ಬರುವ ಮುಖಕ್ಕೆ ಬಣ್ಣವಿಲ್ಲದ ಕಲ್ಲುಗಳು

ಮಾನ್ಯರೇ,

ಕಾಡುದಾರಿಗಳ ಉಸ್ತುವಾರಿ ಹೊತ್ತ ಅಧಿಕಾರಿಗಳೇ, ನನ್ನ ಭಾವ ‘ಸ್ವಂತ ನಿರ್ಲಕ್ಷ್ಯದಿಂದ ದಾರಿ ಬಿಟ್ಟು ಹೋಗಿ’ ಸತ್ತರು ಎಂದು ನಿಮ್ಮ ಕಚೇರಿಯ ವರದಿಯಲ್ಲಿ ಬರೆದಿದೆ. ಅವರು ದಾರಿ ಬಿಟ್ಟಿರಲಿಲ್ಲ. ಅವರು ಸಿಕ್ಕಿದ್ದು ನಿಮ್ಮದೇ ದಾರಿಯ ನಲವತ್ತೊಂದನೆಯ ಕಲ್ಲಿಗೆ ಬೆನ್ನು ಕೊಟ್ಟು ಕೂತಲ್ಲಿ. ಅವರನ್ನು ಹೊತ್ತು ತಂದ ನಾಲ್ವರಲ್ಲಿ ನಾನೂ ಒಬ್ಬ. ದಾರಿ ಬಿಟ್ಟು ಹೋದ ಮನುಷ್ಯ ದಾರಿಯ ಕಲ್ಲಿಗೇ ಹೇಗೆ ಒರಗಿ ಕೂತ ಎಂಬುದನ್ನು ವರದಿ ಬರೆದವರು ಬಿಡಿಸಿ ಹೇಳಿದ್ದರೆ ನನಗೆ ಈ ಪತ್ರದ ಶ್ರಮ ತಪ್ಪುತ್ತಿತ್ತು.

ನಾನು ಯಾರು ಎಂದು ಕೇಳುತ್ತೀರಿ. ಮೂವತ್ತು ವರ್ಷ ಆ ದಾರಿಯ ಕಲ್ಲುಗಳಿಗೆ ಬಣ್ಣ ಬಳಿದವನು. ಎರಡು ವರ್ಷದ ಹಿಂದೆ ನಿಮ್ಮ ಕಚೇರಿಯವರೇ ಹಾರ ಹಾಕಿ ಮನೆಗೆ ಕಳಿಸಿದರು. ದಾರಿಯ ಪರಿಚಯ ನಿಮಗೆ ಇದ್ದೇ ಇರುತ್ತದೆ, ಈ ಪತ್ರ ಓದುವ ಉಳಿದವರಿಗಾಗಿ ಹೇಳುತ್ತೇನೆ. ಊರಂಚಿನಿಂದ ಹೊರಟರೆ ಮೊದಲು ಕಾಡು. ಅಲ್ಲಿ ಸವೆದ ಮಣ್ಣಿನ ಹಾದಿ ಇದೆ, ಕಣ್ಣು ಮುಚ್ಚಿಕೊಂಡಾದರೂ ನಡೆಯಬಹುದು. ಮೂವತ್ತನೆಯ ಕಲ್ಲಿಗೆ ಮರಗಳು ಮುಗಿದು ಬಯಲು ಶುರು. ಮೊಣಕಾಲೆತ್ತರದ ಕುರುಚಲು ಪೊದೆ, ಅದರ ನಡುವೆ ಬೂದು ಬಂಡೆಗಳು, ಅಲ್ಲಲ್ಲಿ ಕೆಸರು. ಹೆಜ್ಜೆ ಇಟ್ಟರೆ ಗುರುತು ನಿಲ್ಲದ ಜಾಗವೇ ಹೆಚ್ಚು. ಅರವತ್ತಮೂರನೆಯ ಕಲ್ಲಿನ ಬಳಿ ನಡೆಯುವವರು ದಣಿವಾರಿಸಿಕೊಳ್ಳುವ ಕಲ್ಲುಮನೆ. ಬಯಲಿನ ಮೇಲೆ ಮಂಜು ಬಿತ್ತೆಂದರೆ ನೂರಾರು ಬಂಡೆಗಳಲ್ಲಿ ದಾರಿಯ ಕಲ್ಲು ಯಾವುದು ಎಂದು ಬಣ್ಣವೊಂದೇ ಹೇಳಬೇಕು.

ನನಗೆ ಕೆಲಸ ಕಲಿಸಿದ ಮುದುಕರನ್ನು ನಾವೆಲ್ಲ ಡಬ್ಬದಜ್ಜ ಎನ್ನುತ್ತಿದ್ದೆವು. ಎರಡು ಕೈಯಲ್ಲಿ ಎರಡು ಡಬ್ಬ. ಹೋಗುವಾಗ ಬಿಳಿ ಬಳಿಯಬೇಕು. ಹಳದಿ ಡಬ್ಬದ ಮುಚ್ಚಳ ಕಲ್ಲುಮನೆ ಮುಟ್ಟುವವರೆಗೆ ತೆರೆಯುವಂತಿಲ್ಲ. ಅಲ್ಲಿಂದ ತಿರುಗಿ ಬರುತ್ತ, ಪ್ರತಿ ಕಲ್ಲಿನ ಇನ್ನೊಂದು ಮುಖಕ್ಕೆ ಹಳದಿ. ಹಾಗಾಗಿ ಬಣ್ಣ ಬಳಿಯುವವನು ಬರುವವನ ಕಣ್ಣಿನಿಂದಲೂ ಒಮ್ಮೆ ದಾರಿ ನೋಡಲೇಬೇಕು. “ಎರಡೂ ಹೋಗ್ತಾನೇ ಬಳಿದುಬಿಟ್ರೆ ಅರ್ಧ ದಿನ ಉಳಿಯುತ್ತಲ್ಲಜ್ಜಾ” ಎಂದು ನಾನೊಮ್ಮೆ ಜಾಣತನ ತೋರಿಸಿದ್ದೆ. ಅಜ್ಜ ಕುಂಚ ಒರೆಸುತ್ತ, “ಉಳಿಸಿದ ಅರ್ಧ ದಿನ ಯಾರಿಗೆ ಕೊಡ್ತೀಯೋ ಮಗಾ? ಮಂಜಲ್ಲಿ ಕೂತವನಿಗಾ?” ಎಂದರು. ಅಂದಿನಿಂದ ನಾನು ಜಾಣನಾಗುವುದನ್ನು ಬಿಟ್ಟೆ. ನಿಮ್ಮ ಕಚೇರಿ ಬಿಡಲಿಲ್ಲ.

ಕಳೆದ ಬೇಸಿಗೆಯಲ್ಲಿ ಕೆಲಸದವರು ಬಂದು ಕಲ್ಲುಗಳ ಹಳದಿಯನ್ನು ಕೆರೆದು ತೆಗೆದರು. ನಾನು ನೋಡಿದೆ. ಹೊಸದು ಬಳಿಯುವ ಮುಂಚೆ ಹಳೆಯದನ್ನು ಕೆರೆಯುತ್ತಿದ್ದಾರೆ ಎಂದುಕೊಂಡು ಕುಡಿಯಲು ನೀರು ಕೊಟ್ಟೆ, ಚೂಪಾದ ಕೆರೆಯುವ ಪಟ್ಟಿ ಹೇಗೆ ಹಿಡಿಯಬೇಕೆಂದೂ ತೋರಿಸಿಕೊಟ್ಟೆ. ಬಿಳಿ ಮುಖಕ್ಕೆ ಹೊಸ ಬಣ್ಣ ಬಂತು. ಇನ್ನೊಂದು ಮುಖ ಹಾಗೇ ಉಳಿಯಿತು. ಹೋಗಿ ನೋಡಬೇಕಿತ್ತು, ನೋಡಲಿಲ್ಲ. ನನ್ನ ಪಾಲಿನ ತಪ್ಪನ್ನು ಯಾವ ವರದಿಯೂ ಬರೆಯುವ ಮೊದಲು ನಾನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಪಾಲಿನದನ್ನು ನೀವು ಯಾವಾಗ ಬರೆಯುತ್ತೀರಿ?

ಭಾವ ಗಡಿಯಾರ ರಿಪೇರಿ ಮಾಡುತ್ತಿದ್ದರು. ವಾರವಿಡೀ ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಸಾಸಿವೆಯಷ್ಟು ಹಲ್ಲಿನ ಚಕ್ರಗಳನ್ನು ನೋಡುವ ಮನುಷ್ಯ, ಭಾನುವಾರ ದೊಡ್ಡದೇನನ್ನಾದರೂ ನೋಡಬೇಕು ಎಂದು ಕಲ್ಲುಮನೆಯವರೆಗೆ ನಡೆದು ಬರುತ್ತಿದ್ದರು. ನನ್ನನ್ನು ಕಂಡರೆ ಚೇಷ್ಟೆ. “ಏನಪ್ಪಾ ಬಣ್ಣದ ಸಾಹೇಬ, ನಿನ್ನ ಹಳದಿ ನಂಬ್ಕೊಂಡು ನಿಮ್ಮಕ್ಕನ್ನ ಮನೇಲಿ ಬಿಟ್ಟು ಹೋಗ್ತಿದೀನಿ, ಕೈ ಕೊಡಬೇಡ” ಎನ್ನುತ್ತಿದ್ದರು. ನಾನು ಪ್ರತಿ ಸಲ ಅದೇ ಮಾತು ಹೇಳುತ್ತಿದ್ದೆ. “ಮಂಜು ಬಂದು ಮುಂದಿನ ಗುರುತು ಕಾಣ್ಲಿಲ್ಲ ಅಂದ್ರೆ, ಕೈಗೆ ಸಿಕ್ಕಿದ ಕಲ್ಲು ಬಿಡಬೇಡಿ ಭಾವ. ಅಲ್ಲೇ ಕೂತುಬಿಡಿ. ನಾವು ಬರ್ತೀವಿ.”

ಮಂಡಿನೋವಿನಿಂದ ಅವರು ಆ ಬೇಸಿಗೆ ನಡೆದಿರಲಿಲ್ಲ. ನೋವು ಇಳಿದ ಮೇಲೆ ಮೊದಲ ಭಾನುವಾರ ಹೊರಟರು. ಬೆಳಗ್ಗೆ ಆಕಾಶ ಶುಭ್ರವಾಗಿತ್ತು, ಬಿಳಿ ಗುರುತುಗಳು ಮಿಂಚುತ್ತಿದ್ದವು. ಹೋಗುವಾಗ ಕಲ್ಲಿನ ಬೆನ್ನನ್ನು ಯಾರು ನೋಡುತ್ತಾರೆ? ಅವರು ಕಲ್ಲುಮನೆಯಿಂದ ತಿರುಗುವ ಹೊತ್ತಿಗೆ ಮಂಜು ಇಳಿಯಿತು. ಹಳದಿ ಇದ್ದೇ ಇರುತ್ತದೆ ಎಂಬ ನಂಬಿಕೆಯಲ್ಲಿ ಹೊರಟಿರಬೇಕು. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಕಲ್ಲುಮನೆಯವರೆಗೆ ವಾಹನದ ರಸ್ತೆ ಇದೆ ನಿಜ, ಆದರೆ ಅದು ಬೆಟ್ಟ ಸುತ್ತಿ ಊರಿಗೆ ಬರಲು ನಲವತ್ತು ಕಿಲೋಮೀಟರ್, ಭಾನುವಾರ ಬಸ್ಸಿಲ್ಲ.

ಮಾರನೆಯ ದಿನ ಮಂಜು ಹರಿದ ಮೇಲೆ ಹುಡುಕಲು ಹೋದ ನಾವು ಕಂಡದ್ದನ್ನು ನಿಮ್ಮ ವರದಿ ಕಂಡಿಲ್ಲ. ಕಲ್ಲುಮನೆಯಿಂದ ಈಚೆಗೆ ಪ್ರತಿ ಕಲ್ಲಿನ ಬುಡದ ಒದ್ದೆ ಮಣ್ಣಿನಲ್ಲಿ ಭಾವನ ಬೂಟಿನ ಗುರುತು ಒಂದು ಸುತ್ತು ಬಂದಿತ್ತು. ಬಂಡೆ ಕಂಡರೆ ಸುತ್ತಿ ಹೋಗಿ ಆಚೆ ಮುಖ ನೋಡಿ, ಬಿಳಿ ಇದ್ದರೆ ಇದು ದಾರಿ, ಇಲ್ಲದಿದ್ದರೆ ಇನ್ನೊಂದು ಬಂಡೆ. ಹೀಗೆ ಇಪ್ಪತ್ತೆರಡು ಕಲ್ಲು ದಾಟಿದ್ದರು. ನಲವತ್ತೊಂದರ ಬಳಿ ದಾರಿ ಕೆಸರನ್ನು ಬಳಸಿ ಎಡಕ್ಕೆ ತಿರುಗುತ್ತದೆ. ಅದನ್ನು ಹೇಳಲೆಂದೇ ಅಲ್ಲಿ ನನ್ನ ಹಳದಿ ಬಾಣ ಇತ್ತು. ಅದರ ಜಾಗದಲ್ಲಿ ಕೆರೆದ ಕಲೆ ಇತ್ತು. ಆ ಕಲ್ಲಿನಿಂದ ಎಲ್ಲ ದಿಕ್ಕಿಗೂ ಹೆಜ್ಜೆ ಹೊರಟಿದ್ದವು, ಹತ್ತು ಹನ್ನೆರಡು ಹೆಜ್ಜೆ ಹೋಗಿ ಮತ್ತೆ ಕಲ್ಲಿಗೇ ವಾಪಸು. ಮೇಲಿನಿಂದ ನೋಡಿದರೆ ಗಡಿಯಾರದ ಮುಖದಂತೆ ಕಾಣುತ್ತಿತ್ತೇನೋ. ಆಮೇಲೆ ಅವರು ನನ್ನ ಮಾತು ಕೇಳಿದರು. ಕಲ್ಲು ಬಿಡಲಿಲ್ಲ. ಕೂತರು. ಚಳಿ ನಮಗಿಂತ ಮೊದಲು ಬಂತು. ಕಾಡಿನಂಚಿಗೆ ಇನ್ನು ಹನ್ನೊಂದೇ ಕಲ್ಲು.

ಇದು ನಿರ್ಲಕ್ಷ್ಯವೇ ಸ್ವಾಮಿ? ಇಷ್ಟು ಲಕ್ಷ್ಯ ಕೊಟ್ಟು ನಡೆದ ಮನುಷ್ಯ ನಿಮ್ಮ ಇಡೀ ಕಚೇರಿಯಲ್ಲಿ ಒಬ್ಬರಿದ್ದಾರೆಯೇ?

ವರದಿಯ ಪ್ರತಿ ಕೈಗೆ ಬಂದ ಮೇಲೆ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಗೋಡೆಯ ನಕಾಶೆಯಲ್ಲಿ ದಾರಿ ಒಂದು ಕೆಂಪು ಗೆರೆ, ಯಾವ ಕಡೆಯಿಂದ ನೋಡಿದರೂ ಒಂದೇ ಥರ. ಕೆಳಗೆ ಕೂತಿದ್ದ ಗುಮಾಸ್ತರು ಸಭ್ಯರು, ಕುರ್ಚಿ ಕೊಟ್ಟರು.

“ಒಂದೇ ಕಲ್ಲಿಗೆ ಎರಡೆರಡು ಬಣ್ಣ ಯಾಕೆ ಅಂತ ಮೇಲಿನೋರು ಕೇಳಿದ್ರು ಯಜಮಾನ್ರೇ. ಏಕರೂಪ ಇರಲಿ ಅಂತ ಆದೇಶ ಆಯ್ತು.”

“ಒಂದು ಹೋಗೋಕೆ, ಇನ್ನೊಂದು ಬರೋಕೆ ಅಲ್ವಾ ಸ್ವಾಮಿ?”

“ಸಾಹೇಬ್ರು ಖುದ್ದು ನಡೆದು ತಪಾಸಣೆ ಮಾಡಿದಾರೆ. ಅರವತ್ಮೂರು ಗುರುತೂ ಸ್ಪಷ್ಟವಾಗಿ ಕಾಣಿಸಿದವು ಅಂತ ಷರಾ ಇದೆ, ನೋಡಿ.”

“ಕಲ್ಲುಮನೆಯಿಂದ ವಾಪಸ್ ಹೇಗೆ ಬಂದ್ರು?”

ಗುಮಾಸ್ತರು ಪೆನ್ನಿಗೆ ಮುಚ್ಚಳ ಹಾಕಿದರು. “ಜೀಪ್ ಹೋಗಿತ್ತಲ್ಲ ಅಲ್ಲಿಗೆ.”

ಷರಾ ಸುಳ್ಳಲ್ಲ ಮಾನ್ಯರೇ, ಅದೇ ಅದರ ಸೊಗಸು. ನಿಮಗೆ ಅರವತ್ತಮೂರೂ ಕಂಡವು. ನೀವು ಹೋದಿರಿ, ಬರಲಿಲ್ಲ. ನಿಮ್ಮನ್ನು ಜೀಪು ತಂದಿತು.

ಅಲ್ಲಿಂದ ಹೊರಬಂದವನು ಅಂಗಡಿಯಲ್ಲಿ ಹಳದಿ ಡಬ್ಬ ಕೊಂಡು, ಮಾರನೆಯ ದಿನ ಕಲ್ಲುಮನೆಗೆ ಹೋಗಿ, ಅಜ್ಜ ಕಲಿಸಿದಂತೆ ಅಲ್ಲಿ ಮುಚ್ಚಳ ತೆರೆದೆ. ನಲವತ್ತೆರಡರವರೆಗೆ ಬಳಿಯುತ್ತ ಬಂದಿದ್ದೆ. ಅಷ್ಟರಲ್ಲಿ ನಿಮ್ಮ ಕಾವಲುಗಾರ ಬಂದು ಡಬ್ಬ ಕಿತ್ತುಕೊಂಡ. ನೋಟಿಸು ಮನೆಗೆ ಬಂತು. ಭಾವ ಸತ್ತ ವರದಿ ಬರಲು ಎರಡು ತಿಂಗಳು ಹಿಡಿದಿತ್ತು, ಇದು ನಾಲ್ಕೇ ದಿನಕ್ಕೆ ಬಂತು. ಕಚೇರಿಗೆ ವೇಗ ಇಲ್ಲ ಎಂದು ಇನ್ನು ನಾನು ಯಾರ ಮುಂದೆಯೂ ದೂರುವುದಿಲ್ಲ.

ಅಕ್ಕ ವರದಿಯ ಪ್ರತಿಗೆ ಸಹಿ ಹಾಕಿಲ್ಲ. ಅಂಗಡಿಯ ಬಾಗಿಲು ತೆರೆದು, ರಿಪೇರಿಗೆ ಬಂದು ಉಳಿದ ಗಡಿಯಾರಗಳನ್ನು ಒಂದೊಂದಾಗಿ ಅವರವರಿಗೆ ಹಿಂದಿರುಗಿಸುತ್ತಿದ್ದಾಳೆ. ಮೊನ್ನೆ ಕೇಳಿದಳು, “ಜನ ಏನಂತಾರೆ ಅನ್ನೋದಲ್ಲ ಕಣೋ. ಒಂದು ನಿಮಿಷ ಹಿಂದೆ ಮುಂದೆ ಆದ್ರೆ ಸಹಿಸ್ತಿರಲಿಲ್ಲ ಅವರು. ಅವರನ್ನ ನಿರ್ಲಕ್ಷ್ಯ ಅಂತ ಬರೆದಿದಾರಲ್ಲ, ಅದೊಂದು ಪದ ತೆಗೆಸೋಕೆ ಆಗಲ್ವಾ?”

ಅದನ್ನೇ ನಾನು ಕೇಳುತ್ತಿರುವುದು. ಆ ಪದವನ್ನು ತೆಗೆಯಿರಿ. ‘ದಾರಿ ಬಿಟ್ಟಿರಲಿಲ್ಲ’ ಎಂದು ಬರೆದು ಅಕ್ಕನ ಕೈಗೆ ಕೊಡಿ. ಮುಂದಿನ ಮಂಜು ಬೀಳುವ ಮೊದಲು ಉಳಿದ ಕಲ್ಲುಗಳ ಬರುವ ಮುಖಕ್ಕೆ ಹಳದಿ ಬಳಿಸಿ. ಆಮೇಲೆ ಒಂದು ದಿನ ಕಲ್ಲುಮನೆಯವರೆಗೆ ನಡೆದು ಹೋಗಿ, ಜೀಪನ್ನು ಖಾಲಿ ಕಳಿಸಿ, ನಡೆದೇ ಬನ್ನಿ. ನಲವತ್ತೆರಡರವರೆಗೆ ನಿಮಗೆ ದಾರಿ ಕಾಣುತ್ತದೆ, ಅದು ನನ್ನ ಅಪರಾಧ. ಮುಂದಿನ ಕಲ್ಲಿನ ಬಳಿ ನಾನು ಕೂತಿರುತ್ತೇನೆ. ಜಪ್ತಿ ಮಾಡಿದ ಡಬ್ಬ ತನ್ನಿ, ಅದರಲ್ಲಿ ಇನ್ನೂ ಅರ್ಧ ಬಣ್ಣ ಇದೆ.

ಇಂತಿ,
ಕೂತುಬಿಡಿ ಎಂದು ಹೇಳಿ, ಹೊತ್ತಿಗೆ ತಲುಪದ ಭಾಮೈದ;
ನಿಮ್ಮ ನೋಟಿಸಿನ ಪ್ರಕಾರ, ಸಾರ್ವಜನಿಕ ಕಲ್ಲುಗಳನ್ನು ವಿರೂಪಗೊಳಿಸಿದ ಆರೋಪಿ